ಸೋಯಾ ಕಾಳಿನ ಸಿರಿ ತೆರೆದ ಪರ್ಸಿ ಜೂಲಿಯನ್

ಶಾಂಪೂ, ಕಂಡೀಷನರ್ ಅಥವಾ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಪಟ್ಟಿಯೊಂದು ಮುದ್ರಿತವಾಗಿರುತ್ತದೆ. ಅದನ್ನು ತಾಳ್ಮೆಯಿಂದ ಓದಿದರೆ ಹೈಡ್ರೊಲೈಸ್ಡ್ ಸೋಯ್ ಪ್ರೋಟೀನ್, ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್ ಎಂಬಂಥ ಹೆಸರುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಹೊಲದ ಕಾಳು ಬಚ್ಚಲುಮನೆ ಸೇರುವುದು ನಮಗೆ ಹೊಸದೇನಲ್ಲ. ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಮೈ ತೊಳೆಯುವ ರೂಢಿ ಕನ್ನಡನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ಕಾಳಿನೊಳಗಿನ ಪ್ರೋಟೀನನ್ನು ಮಾತ್ರ ಬೇರ್ಪಡಿಸಿ, ಶುದ್ಧೀಕರಿಸಿ, ಟನ್ನುಗಟ್ಟಲೆ ತಯಾರಿಸಿ ಕೈಗಾರಿಕೆಗೆ ಒದಗಿಸುವುದು ಬೇರೆಯೇ ವಿದ್ಯೆ. 1930ರ ದಶಕದಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಈ ವಿದ್ಯೆಯನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ ರಸಾಯನ ವಿಜ್ಞಾನಿ ಪರ್ಸಿ ಲಾವನ್ ಜೂಲಿಯನ್.

ಜೂಲಿಯನ್ ಸೌಂದರ್ಯವರ್ಧಕಗಳ ತಯಾರಕರಾಗಿರಲಿಲ್ಲ. ಅವರ ಕಾರ್ಖಾನೆಯ ಪ್ರೋಟೀನು ಮೊದಲು ಹೋದದ್ದು ಕಾಗದದ ಗಿರಣಿಗಳಿಗೆ ಮತ್ತು ಬೆಂಕಿ ಆರಿಸುವ ನೊರೆಗೆ. ಆದರೂ ಸೋಯಾ ಕಾಳಿನಿಂದ ಮನುಷ್ಯನ ಚರ್ಮದವರೆಗೆ ಸಾಗಿದ ಎರಡು ದಾರಿಗಳಲ್ಲಿ ಅವರ ಹೆಜ್ಜೆಗುರುತುಗಳಿವೆ. ಒಂದು ಕಾಳಿನ ಪ್ರೋಟೀನಿನ ದಾರಿ, ಇನ್ನೊಂದು ಕಾಳಿನ ಎಣ್ಣೆಯಿಂದ ಹೊರಟು ಚರ್ಮರೋಗದ ಮುಲಾಮಿಗೆ ತಲುಪಿದ ದಾರಿ. ಇಂಥ ಕೆಲಸ ಮಾಡಿದ ಮನುಷ್ಯನಿಗೆ ಬದುಕಿನುದ್ದಕ್ಕೂ ಬಾಗಿಲುಗಳು ಮುಚ್ಚಿದ್ದು ಚರ್ಮದ ಬಣ್ಣದ ಕಾರಣದಿಂದ. ಈ ವೈಪರೀತ್ಯವನ್ನು ಬಿಟ್ಟು ಅವರ ಸಾಧನೆಯನ್ನು ಅರ್ಥ ಮಾಡಿಕೊಳ್ಳುವುದು ಸಾಧ್ಯವಿಲ್ಲ.

ಗುಲಾಮರ ಮೊಮ್ಮಗ

ಜೂಲಿಯನ್ 1899ರ ಏಪ್ರಿಲ್ 11ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಜನಿಸಿದರು. ಅವರ ಅಜ್ಜ ಗುಲಾಮಗಿರಿಯಲ್ಲಿ ಹುಟ್ಟಿದವರು. ಓದು ಬರಹ ಕಲಿತ ಅಪರಾಧಕ್ಕೆ ಆ ಅಜ್ಜನ ಬೆರಳುಗಳನ್ನು ಕತ್ತರಿಸಲಾಗಿತ್ತೆಂಬ ನೆನಪು ಕುಟುಂಬದಲ್ಲಿ ಉಳಿದಿತ್ತು. ತಂದೆ ಜೇಮ್ಸ್ ರೈಲ್ವೆ ಅಂಚೆ ಸೇವೆಯಲ್ಲಿ ಗುಮಾಸ್ತರು, ತಾಯಿ ಎಲಿಜಬೆತ್ ಶಾಲಾ ಶಿಕ್ಷಕಿ. ಆರು ಮಕ್ಕಳಲ್ಲಿ ಪರ್ಸಿ ಹಿರಿಯರು. ಅಕ್ಷರಕ್ಕೆ ಬೆರಳು ತೆತ್ತ ಮನೆತನದಲ್ಲಿ ಮಕ್ಕಳ ಓದಿಗಿಂತ ದೊಡ್ಡ ವ್ರತ ಬೇರೊಂದಿರಲಿಲ್ಲ.

ಆದರೆ ಅಂದಿನ ಮಾಂಟ್‌ಗೊಮರಿಯಲ್ಲಿ ಕಪ್ಪು ವರ್ಣದ ಮಕ್ಕಳಿಗೆ ಎಂಟನೆಯ ತರಗತಿಯ ಆಚೆಗೆ ಸರ್ಕಾರಿ ಪ್ರೌಢಶಾಲೆಯೇ ಇರಲಿಲ್ಲ. ಶಿಕ್ಷಕರ ತರಬೇತಿ ಶಾಲೆಯೊಂದರಲ್ಲಿ ಸಿಕ್ಕಷ್ಟು ಕಲಿತು, 1916ರಲ್ಲಿ ಅವರು ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಪಟ್ಟಣದ ಡಿಪಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ಊರಿನಲ್ಲಿ ಕಪ್ಪು ವರ್ಣದ ಯುವಕನಿಗೆ ಊಟ ಬಡಿಸುವ ಜಾಗ ಹುಡುಕುವುದೇ ಮೊದಲ ಪರೀಕ್ಷೆಯಾಯಿತು. ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಊಟ ಬಡಿಸಿ, ಕುಲುಮೆಗೆ ಕಲ್ಲಿದ್ದಲು ತುಂಬಿ, ಅದೇ ಕಟ್ಟಡದ ಅಟ್ಟದಲ್ಲಿ ಮಲಗಿ ಅವರು ಓದಿದರು. ಕಾಲೇಜಿನ ಪಾಠಗಳ ಜೊತೆಗೆ, ತಮಗೆ ದಕ್ಕದೆ ಹೋಗಿದ್ದ ಪ್ರೌಢಶಾಲೆಯ ಪಾಠಗಳನ್ನೂ ಕಲಿಯಬೇಕಾಯಿತು. ಹೀಗಿದ್ದೂ 1920ರಲ್ಲಿ ತರಗತಿಗೇ ಪ್ರಥಮರಾಗಿ ಪದವಿ ಪಡೆದರು. ತಮ್ಮ ತಂಗಿಯರಿಗೂ ಶಿಕ್ಷಣ ದೊರೆಯಲೆಂದು ಇಡೀ ಕುಟುಂಬ ಗ್ರೀನ್‌ಕ್ಯಾಸಲ್‌ಗೆ ವಲಸೆ ಬಂದಿತು. ಆರು ಮಕ್ಕಳೂ ಕಾಲೇಜು ಮೆಟ್ಟಿಲು ಹತ್ತಿದರು.

ಪ್ರಥಮ ಸ್ಥಾನ ಪಡೆದವರಿಗೆ ಸಂಶೋಧನಾ ವೇತನ ತಾನಾಗಿ ಬರುವುದು ರೂಢಿ. ಜೂಲಿಯನ್ ಅವರಿಗೆ ಬಂದದ್ದು ಬುದ್ಧಿವಾದ. ಕಪ್ಪು ವರ್ಣದವನಿಗೆ ಡಾಕ್ಟರೇಟ್ ಆದಮೇಲೆ ಕೆಲಸ ಕೊಡುವವರಾರು, ಕಪ್ಪು ಜನರ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವುದೇ ಲೇಸು ಎಂಬುದು ಅದರ ಸಾರ. ಅವರು ಎರಡು ವರ್ಷ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಬಳಿಕ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್ ಸೇರಿ 1923ರಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. ಅಲ್ಲಿಯೂ ಬಿಳಿಯ ವಿದ್ಯಾರ್ಥಿಗಳು ಅವರಿಂದ ಪಾಠ ಹೇಳಿಸಿಕೊಳ್ಳಲು ಒಪ್ಪಲಾರರೆಂಬ ಅಂಜಿಕೆಯಿಂದ ಬೋಧನಾ ಸಹಾಯಕನ ಹುದ್ದೆಯನ್ನು ಹಿಂತೆಗೆದುಕೊಳ್ಳಲಾಯಿತು. ಡಾಕ್ಟರೇಟಿನ ಬಾಗಿಲು ಅಲ್ಲಿಗೆ ಮುಚ್ಚಿತು.

ವಿಯೆನ್ನಾದ ದಿನಗಳು

ಮುಂದಿನ ಕೆಲವು ವರ್ಷಗಳನ್ನು ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜು ಮತ್ತು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧನೆಯಲ್ಲಿ ಕಳೆದ ಜೂಲಿಯನ್ ಅವರಿಗೆ 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ದೊರೆಯಿತು. ಅವರು ಆಸ್ಟ್ರಿಯಾದ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ತೆರಳಿ, ಸಸ್ಯಗಳ ಆಲ್ಕಲಾಯ್ಡ್‌ಗಳ ಬಗ್ಗೆ ಪ್ರಖ್ಯಾತರಾಗಿದ್ದ ಎರ್ನ್ಸ್ಟ್ ಷ್ಪೇಟ್ ಅವರ ಶಿಷ್ಯರಾದರು. 1931ರಲ್ಲಿ ಡಾಕ್ಟರೇಟ್ ಪಡೆದರು.

ವಿಯೆನ್ನಾ ಅವರಿಗೆ ಎರಡು ಆಸ್ತಿಗಳನ್ನು ಕೊಟ್ಟಿತು. ಒಂದು ಜರ್ಮನ್ ಭಾಷೆ. ಅಂದು ರಸಾಯನ ವಿಜ್ಞಾನದ ಬಹುಪಾಲು ಹೊಸ ತಿಳಿವಳಿಕೆ ಆ ಭಾಷೆಯಲ್ಲಿಯೇ ಪ್ರಕಟವಾಗುತ್ತಿತ್ತು. ಇನ್ನೊಂದು, ಸಮಾನನಾಗಿ ಬಾಳುವುದೆಂದರೇನು ಎಂಬ ಅನುಭವ. ಸಂಗೀತ ಸಭೆಗಳಿಗೆ ಹೋಗಲು, ಸಹಪಾಠಿಗಳ ಮನೆಯಲ್ಲಿ ಉಣ್ಣಲು ಅಲ್ಲಿ ಯಾರೂ ಅಡ್ಡಿಪಡಿಸಲಿಲ್ಲ. ಅಮೆರಿಕಕ್ಕೆ ಮರಳುವಾಗ ವಿಯೆನ್ನಾದ ಸಹೋದ್ಯೋಗಿ ಯೋಸೆಫ್ ಪಿಕ್ಲ್ ಕೂಡ ಅವರೊಡನೆ ಬಂದರು. 1932ರಲ್ಲಿ ವಿವಾದಗಳ ನಡುವೆ ಹೋವರ್ಡ್ ತೊರೆದ ಜೂಲಿಯನ್, ತಾವು ಓದಿದ್ದ ಡಿಪಾ ವಿಶ್ವವಿದ್ಯಾಲಯಕ್ಕೆ ಸಂಶೋಧಕರಾಗಿ ಮರಳಿದರು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಪಶ್ಚಿಮ ಆಫ್ರಿಕದ ಕ್ಯಾಲಬಾರ್ ಎಂಬ ವಿಷಕಾಳನ್ನು. ಅದರಲ್ಲಿರುವ ಫೈಸೊಸ್ಟಿಗ್ಮಿನ್ ಎಂಬ ರಾಸಾಯನಿಕ, ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿ ನಾಶವಾಗುವ ಗ್ಲಾಕೋಮಾ ರೋಗಕ್ಕೆ ಔಷಧಿ. ಅದನ್ನು ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕಟ್ಟುವುದು ಅವರ ಗುರಿಯಾಗಿತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸರ್ ರಾಬರ್ಟ್ ರಾಬಿನ್ಸನ್ ಇದೇ ಕೆಲಸದಲ್ಲಿ ತೊಡಗಿ, ಅಂತಿಮ ಹಂತದ ಸಮೀಪಕ್ಕೆ ಬಂದಿರುವುದಾಗಿ ಪ್ರಬಂಧಗಳನ್ನು ಪ್ರಕಟಿಸಿದ್ದರು. ಜೂಲಿಯನ್ ಮತ್ತು ಪಿಕ್ಲ್ ಪಡೆದ ವಸ್ತು ರಾಬಿನ್ಸನ್ ವರ್ಣಿಸಿದ ವಸ್ತುವಿಗೆ ಹೊಂದುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕು. ರಾಬಿನ್ಸನ್ ಜಗತ್ಪ್ರಸಿದ್ಧರು, ಮುಂದೆ 1947ರಲ್ಲಿ ನೊಬೆಲ್ ಪಡೆದವರು. ಜೂಲಿಯನ್ ಅವರಿಗೆ ಒಂದು ಕಾಯಂ ಹುದ್ದೆಯೂ ಇರಲಿಲ್ಲ. ಆದರೂ ರಾಬಿನ್ಸನ್ ಅವರ ಫಲಿತಾಂಶ ಸರಿಯಲ್ಲವೆಂದು ಅವರು ಅಚ್ಚಿನಲ್ಲಿಯೇ ಸಾರಿದರು. ಲೆಕ್ಕ ತಪ್ಪಿದ್ದರೆ ಅವರ ವೃತ್ತಿಜೀವನ ಅಂದೇ ಮುಗಿಯುತ್ತಿತ್ತು. ಕಾಳಿನಿಂದ ತೆಗೆದ ವಸ್ತು ಮತ್ತು ತಾವು ಕಟ್ಟಿದ ವಸ್ತು ಒಂದೇ ಉಷ್ಣತೆಯಲ್ಲಿ ಕರಗುವುದನ್ನು ತೋರಿಸಿ, 1935ರಲ್ಲಿ ಅವರು ತಮ್ಮ ವಾದವನ್ನು ಸ್ಥಾಪಿಸಿದರು.

ಇಂಥ ವಿಜಯದ ನಂತರವೂ ಡಿಪಾ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಲು ಹಿಂಜರಿಯಿತು. ದೊಡ್ಡ ರಾಸಾಯನಿಕ ಕಂಪನಿಯೊಂದು ಪಿಕ್ಲ್ ಅವರಿಗೆ ಕೆಲಸ ಕೊಟ್ಟು, ಜೂಲಿಯನ್ ಅವರ ಬಣ್ಣ ತಿಳಿದೊಡನೆ ಹಿಂದೆ ಸರಿಯಿತು. ವಿಸ್ಕಾನ್ಸಿನ್ ರಾಜ್ಯದ ಆಪಲ್‌ಟನ್ನಿನಲ್ಲಿದ್ದ ಕಾಗದ ರಸಾಯನ ಸಂಸ್ಥೆಯಲ್ಲಿ ಅವಕಾಶವೊಂದು ಮೂಡಿದಾಗ, ಕಪ್ಪು ವರ್ಣದವರು ಆ ಊರಿನಲ್ಲಿ ರಾತ್ರಿ ತಂಗುವಂತಿಲ್ಲವೆಂಬ ಕಟ್ಟಳೆ ಅಡ್ಡ ಬಂದಿತು.

ಹಿಂಡಿಯಿಂದ ಪ್ರೋಟೀನು

ಬಣ್ಣ ಮತ್ತು ವಾರ್ನಿಷ್ ತಯಾರಿಸುವ ಗ್ಲಿಡನ್ ಕಂಪನಿ ಆಗ ಷಿಕಾಗೋದಲ್ಲಿ ಸೋಯಾ ಉತ್ಪನ್ನಗಳ ವಿಭಾಗವನ್ನು ನಡೆಸುತ್ತಿತ್ತು. 1936ರಲ್ಲಿ ಕಂಪನಿಯ ಉಪಾಧ್ಯಕ್ಷ ವಿಲಿಯಂ ಓಬ್ರಿಯನ್ ಅವರು ಜೂಲಿಯನ್ ಅವರನ್ನು ಆ ವಿಭಾಗದ ಸಂಶೋಧನಾ ನಿರ್ದೇಶಕರನ್ನಾಗಿ ನೇಮಿಸಿದರು. ಪ್ರಮುಖ ಅಮೆರಿಕನ್ ಉದ್ಯಮವೊಂದರಲ್ಲಿ ಕಪ್ಪು ವರ್ಣದ ವಿಜ್ಞಾನಿ ಇಂಥ ಸ್ಥಾನಕ್ಕೆ ಏರಿದ್ದು ಅಂದಿಗೆ ಅಸಾಮಾನ್ಯ ಸಂಗತಿ. ಕೆಲವೇ ತಿಂಗಳ ಹಿಂದೆ, 1935ರ ಡಿಸೆಂಬರಿನಲ್ಲಿ, ಅವರು ಅನ್ನಾ ಜಾನ್ಸನ್ ಅವರನ್ನು ವರಿಸಿದ್ದರು. ಅನ್ನಾ 1937ರಲ್ಲಿ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದುಷಿ.

ಸೋಯಾಬೀನ್‌ನ ವಿಶೇಷವೆಂದರೆ ಅದರ ತೂಕದಲ್ಲಿ ಶೇ. 35ರಿಂದ 40ರಷ್ಟು ಪ್ರೋಟೀನೇ ಇರುತ್ತದೆ. ಎಣ್ಣೆ ಸುಮಾರು ಶೇ. 20. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅಂದು ಮುಖ್ಯವಾಗಿ ದನಕರು, ಹಂದಿಗಳ ಮೇವಾಗಿತ್ತು. ಆ ಹಿಂಡಿಯೊಳಗಿನ ಪ್ರೋಟೀನನ್ನು ಶುದ್ಧ ರೂಪದಲ್ಲಿ ಹೊರತೆಗೆದರೆ, ಹಾಲಿನಿಂದ ದೊರೆಯುವ ದುಬಾರಿ ಕೇಸೀನಿಗೆ ಬದಲಾಗಿ ಅದನ್ನು ಬಳಸಬಹುದೆಂಬುದು ಗ್ಲಿಡನ್ನಿನ ಆಲೋಚನೆ. ನುಣುಪಾದ ಕಾಗದದ ಮೇಲಿನ ಲೇಪಕ್ಕೆ ಆಗ ಕೇಸೀನ್ ಬೇಕಾಗುತ್ತಿತ್ತು.

ಇದರ ಮೂಲತತ್ವ ಹಾಲು ಒಡೆಸುವ ಗೃಹಿಣಿಗೆ ಅಪರಿಚಿತವಲ್ಲ. ಹಿಂಡಿಯನ್ನು ಸೌಮ್ಯವಾದ ಕ್ಷಾರದ ನೀರಿನಲ್ಲಿ ಕಲಸಿದರೆ ಪ್ರೋಟೀನು ನೀರಿಗೆ ಇಳಿಯುತ್ತದೆ, ನಾರು ಕೆಳಗೆ ಉಳಿಯುತ್ತದೆ. ನಾರನ್ನು ಸೋಸಿ ತೆಗೆದು ಆ ದ್ರವಕ್ಕೆ ಆಮ್ಲ ಬೆರೆಸುತ್ತ ಹೋದರೆ, ಪಿಎಚ್ ಮೌಲ್ಯ ಸುಮಾರು 4.5 ತಲುಪಿದಾಗ ಪ್ರೋಟೀನಿನ ಕಣಗಳ ಮೇಲಿನ ವಿದ್ಯುದಂಶಗಳು ಒಂದಕ್ಕೊಂದು ಸರಿದೂಗುತ್ತವೆ. ಪರಸ್ಪರ ದೂರ ತಳ್ಳುವ ಶಕ್ತಿ ಕಳೆದುಕೊಂಡ ಕಣಗಳು ಒಟ್ಟುಗೂಡಿ ಮೊಸರಿನಂತೆ ಗಡ್ಡೆಗಟ್ಟುತ್ತವೆ. ಅದನ್ನು ತೊಳೆದು ಒಣಗಿಸಿದರೆ ಬೇರ್ಪಟ್ಟ ಪ್ರೋಟೀನು ದೊರೆಯುತ್ತದೆ. ಹೇಳುವುದು ಸುಲಭ. ಉಷ್ಣತೆ, ಆಮ್ಲ, ಕ್ಷಾರ ಇವುಗಳಲ್ಲಿ ತುಸು ಹೆಚ್ಚುಕಡಿಮೆಯಾದರೂ ಪ್ರೋಟೀನು ಕೆಟ್ಟು ಅಂಟಾಗುತ್ತದೆ, ಇಲ್ಲವೇ ಬಣ್ಣಗೆಡುತ್ತದೆ. ಟನ್ನುಗಟ್ಟಲೆ ಸರಕಿನಲ್ಲಿ ಪ್ರತಿ ಬಾರಿಯೂ ಒಂದೇ ಗುಣಮಟ್ಟ ಸಾಧಿಸುವ ಕಾರ್ಖಾನೆಯ ವಿನ್ಯಾಸ ಮತ್ತು ನಿರ್ಮಾಣದ ಹೊಣೆಯನ್ನು ಜೂಲಿಯನ್ ಹೊತ್ತರು. ಕೈಗಾರಿಕಾ ದರ್ಜೆಯ ಸೋಯಾ ಪ್ರೋಟೀನನ್ನು ಈ ಪ್ರಮಾಣದಲ್ಲಿ ಬೇರ್ಪಡಿಸಿದ ಮೊದಲ ಕಾರ್ಖಾನೆಯೆಂದು ಅದು ಹೆಸರಾಯಿತು.

ಆ ಪ್ರೋಟೀನು ಕಾಗದದ ಲೇಪಕ್ಕೂ ನೀರಿನಲ್ಲಿ ಕಲಸುವ ಬಣ್ಣಗಳಿಗೂ ಒದಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದಕ್ಕೆ ಇನ್ನೊಂದು ಕೆಲಸ ಬಂದಿತು. ಗ್ಲಿಡನ್ನಿನ ಪ್ರೋಟೀನನ್ನು ಜಲವಿಭಜನೆಯಿಂದ ಚಿಕ್ಕ ತುಣುಕುಗಳಾಗಿಸಿ, ಬೇರೊಂದು ಕಂಪನಿ ಏರೋಫೋಮ್ ಎಂಬ ಅಗ್ನಿಶಾಮಕ ನೊರೆಯನ್ನು ತಯಾರಿಸಿತು. ಎಣ್ಣೆ ಮತ್ತು ಪೆಟ್ರೋಲಿಗೆ ಹತ್ತಿದ ಬೆಂಕಿಯನ್ನು ನೀರು ಆರಿಸಲಾರದು. ಪ್ರೋಟೀನಿನ ನೊರೆ ಮಾತ್ರ ಕಂಬಳಿಯಂತೆ ಹರಡಿ ಗಾಳಿಯನ್ನು ತಡೆಯುತ್ತದೆ. ಅಮೆರಿಕದ ನೌಕಾಪಡೆಯಲ್ಲಿ ಅದು ಬಹಳಷ್ಟು ನಾವಿಕರ ಪ್ರಾಣ ಉಳಿಸಿತು. ಆ ನೊರೆ ಜೂಲಿಯನ್ ಅವರ ಸ್ವಂತ ಕಲ್ಪನೆಯಲ್ಲದಿದ್ದರೂ ಅದಕ್ಕೆ ಬೇಕಾದ ಶುದ್ಧ ಪ್ರೋಟೀನು ಅವರ ಶ್ರಮದ ಫಲ.

ಕೂದಲು ಮತ್ತು ಚರ್ಮದ ಮೇಲೆ

ಬೆಂಕಿಯ ಮೇಲೆ ಪೊರೆಯಾಗಿ ಹರಡುವ ಈ ಗುಣವೇ ಮುಂದೆ ಸಸ್ಯ ಪ್ರೋಟೀನುಗಳನ್ನು ಶಾಂಪೂ ಮತ್ತು ಕ್ರೀಮುಗಳಿಗೆ ಕರೆತಂದಿತೆನ್ನಬಹುದು. ಸೌಂದರ್ಯವರ್ಧಕ ಉದ್ಯಮ ಬಹುಕಾಲ ಬಳಸುತ್ತಿದ್ದುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಕೊಲ್ಯಾಜೆನ್ ಪ್ರೋಟೀನನ್ನು. 1990ರ ದಶಕದಲ್ಲಿ ಯೂರೋಪಿನಲ್ಲಿ ಹುಚ್ಚು ಹಸುವಿನ ರೋಗದ ಭೀತಿ ಹರಡಿದ ಮೇಲೆ ಸೋಯಾ, ಗೋಧಿ, ಅಕ್ಕಿ ಪ್ರೋಟೀನುಗಳಿಗೆ ಬೇಡಿಕೆ ಹೆಚ್ಚಿತು.

ಅವು ಮಾಡುವ ಕೆಲಸದ ಬಗ್ಗೆ ಜಾಹೀರಾತುಗಳು ಹೇಳುವುದು ಒಂದು, ರಸಾಯನ ವಿಜ್ಞಾನ ಹೇಳುವುದು ಇನ್ನೊಂದು. ತಲೆಯಿಂದ ಹೊರಬಂದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ. ಅದಕ್ಕೆ ಆಹಾರ ಉಣಿಸುವುದು ಯಾವ ಶಾಂಪೂವಿಗೂ ಸಾಧ್ಯವಿಲ್ಲ. ಬಣ್ಣ, ಬಿಸಿಲು, ಬಿಸಿಗಾಳಿಗಳಿಂದ ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಾಗಿರುತ್ತದೆ. ಜಲವಿಭಜನೆಗೊಂಡ ಪ್ರೋಟೀನಿನ ಚಿಕ್ಕ ತುಣುಕುಗಳಲ್ಲಿರುವ ಧನಾಂಶಗಳು ಅಲ್ಲಿಗೆ ಅಂಟಿಕೊಂಡು ತೆಳುವಾದ ಪೊರೆ ಕಟ್ಟುತ್ತವೆ. ಬಾಚಣಿಗೆ ಸರಾಗವಾಗಿ ಓಡುತ್ತದೆ, ಕೂದಲು ತುಂಬಿಕೊಂಡಂತೆ ಕಾಣುತ್ತದೆ. ಕೆಲವು ಬಾರಿ ತೊಳೆದರೆ ಆ ಪೊರೆ ಹೋಗುತ್ತದೆ. ಚರ್ಮದ ಮೇಲೂ ಅದು ತೇವವನ್ನು ಹಿಡಿದಿಡುವ ಪೊರೆಯೇ. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟಿ ಒಳಹೋಗುವುದು ಕಷ್ಟ. ಸೋಯಾದ ಮುಖ್ಯ ಪ್ರೋಟೀನಾದ ಗ್ಲೈಸಿನಿನ್‌ನ ತೂಕವಾದರೋ ಸುಮಾರು ಮೂರೂವರೆ ಲಕ್ಷ ಡಾಲ್ಟನ್. ಅದನ್ನು ಸಾವಿರದ ಲೆಕ್ಕದ ತುಣುಕುಗಳಾಗಿ ಒಡೆದರೂ ಅದರ ಕೆಲಸ ಬಹುಮಟ್ಟಿಗೆ ಮೇಲ್ಮೈಗೇ ಸೀಮಿತ.

ಸಸ್ಯಮೂಲವೆಂದ ಮಾತ್ರಕ್ಕೆ ನಿರಪಾಯವೆಂದೂ ಭಾವಿಸಬೇಕಾಗಿಲ್ಲ. ಜಪಾನಿನಲ್ಲಿ ಗೋಧಿ ಪ್ರೋಟೀನು ಬೆರೆಸಿದ ಮುಖದ ಸೋಪೊಂದನ್ನು ಬಳಸಿದ 2,000ಕ್ಕೂ ಹೆಚ್ಚು ಮಂದಿ ಗೋಧಿಯ ಅಲರ್ಜಿಗೆ ತುತ್ತಾದರು. ಅದುವರೆಗೆ ಗೋಧಿಯ ತಿನಿಸನ್ನು ಸುಖವಾಗಿ ತಿನ್ನುತ್ತಿದ್ದವರಿಗೂ ತಿಂದೊಡನೆ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಸಾಕಷ್ಟು ಚಿಕ್ಕದಾಗಿ ಒಡೆಯದ ಪ್ರೋಟೀನಿನ ತುಣುಕುಗಳು ಅದಕ್ಕೆ ಕಾರಣವಾಗಿದ್ದವು. 2011ರಲ್ಲಿ ಆ ಸೋಪನ್ನು ಹಿಂದಕ್ಕೆ ಪಡೆಯಲಾಯಿತು. ಪ್ರೋಟೀನನ್ನು ಹೇಗೆ ಒಡೆಯಲಾಗಿದೆ, ಎಷ್ಟು ಒಡೆಯಲಾಗಿದೆ ಎಂಬುದು ಎಷ್ಟು ಮುಖ್ಯವೆಂಬುದಕ್ಕೆ ಇದೇ ಸಾಕ್ಷಿ. ಉತ್ಪಾದನೆಯ ಪ್ರತಿ ಹಂತದಲ್ಲಿಯೂ ಜೂಲಿಯನ್ ಪಟ್ಟುಹಿಡಿದು ಕಾಯ್ದುಕೊಂಡ ಕಟ್ಟುನಿಟ್ಟು ಈ ಉದ್ಯಮಕ್ಕೆ ಇಂದಿಗೂ ಬೇಕಾದ ಗುಣ.

ಎಣ್ಣೆಯ ತೊಟ್ಟಿಯಲ್ಲಿ ಬಿಳಿಯ ಹರಳು

ಇನ್ನು ಎರಡನೆಯ ದಾರಿ. ಕ್ಯಾಲಬಾರ್ ಕಾಳಿನ ಕೆಲಸದ ವೇಳೆ ಜೂಲಿಯನ್ ಸ್ಟಿಗ್ಮಾಸ್ಟೆರಾಲ್ ಎಂಬ ಹರಳನ್ನು ಕಂಡಿದ್ದರು. ಅದರಿಂದ ಪ್ರೊಜೆಸ್ಟೆರಾನ್ ಎಂಬ ಸ್ತ್ರೀ ಹಾರ್ಮೋನನ್ನು ತಯಾರಿಸಬಹುದೆಂದು ಜರ್ಮನ್ ವಿಜ್ಞಾನಿಗಳು ತೋರಿಸಿದ್ದರು. ಸೋಯಾ ಎಣ್ಣೆಯಲ್ಲಿಯೂ ಸ್ಟಿಗ್ಮಾಸ್ಟೆರಾಲ್ ಇದೆ, ಆದರೆ ಅದನ್ನು ಎಣ್ಣೆಯಿಂದ ಬಿಡಿಸುವುದು ದುಸ್ತರವಾಗಿತ್ತು. 1940ರಲ್ಲಿ ಕಾರ್ಖಾನೆಯ ದೊಡ್ಡ ಎಣ್ಣೆ ತೊಟ್ಟಿಯೊಂದಕ್ಕೆ ಆಕಸ್ಮಿಕವಾಗಿ ನೀರು ಸೋರಿತು. ತಳದಲ್ಲಿ ಬಿಳಿಯ ಗಸಿ ಕಟ್ಟಿತು. ಬೇರೆಯವರಾಗಿದ್ದರೆ ಎಣ್ಣೆ ಹಾಳಾಯಿತೆಂದು ಚೆಲ್ಲಿಬಿಡುತ್ತಿದ್ದರು. ಜೂಲಿಯನ್ ಆ ಗಸಿಯಲ್ಲಿ ತಾವು ಹುಡುಕುತ್ತಿದ್ದ ಹರಳನ್ನೇ ಗುರುತಿಸಿದರು. ಎಣ್ಣೆಗೆ ನೀರು ಸೇರಿಸಿದರೆ ಸ್ಟಿಗ್ಮಾಸ್ಟೆರಾಲ್ ಬೇರ್ಪಡುತ್ತದೆಂಬ ಗುಟ್ಟು ಹೀಗೆ ದಕ್ಕಿತು.

ಅದುವರೆಗೆ ಪ್ರಾಣಿಗಳ ಅಂಗಗಳಿಂದ ಚಿಟಿಕೆಯಷ್ಟು ದೊರೆಯುತ್ತಿದ್ದ ಪ್ರೊಜೆಸ್ಟೆರಾನ್ ಈಗ ಕಾಳಿನ ಎಣ್ಣೆಯಿಂದ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಗರ್ಭಸ್ರಾವದ ಅಪಾಯವಿದ್ದ ಮಹಿಳೆಯರಿಗೆ ವೈದ್ಯರು ಅಂದು ಅದನ್ನು ಕೊಡುತ್ತಿದ್ದರು. ಅಪ್‌ಜಾನ್ ಕಂಪನಿಗೆ ಕಳುಹಿಸಿದ ಮೊದಲ ಒಂದು ಪೌಂಡ್ ಸರಕಿನ ಬೆಲೆ 63,500 ಡಾಲರ್. ಅದು ಬ್ಯಾಂಕಿನ ಹಣದಂತೆ ರಕ್ಷಣಾ ವಾಹನದಲ್ಲಿ ಸಾಗಿತು.

1949ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಕಾರ್ಟಿಸೋನ್ ಎಂಬ ಹಾರ್ಮೋನಿನಿಂದ ಸಂಧಿವಾತದ ರೋಗಿಗಳು ಎದ್ದು ನಡೆಯುವಂತಾದುದನ್ನು ಪ್ರಕಟಿಸಿದರು. ಆದರೆ ಅದನ್ನು ಎತ್ತಿನ ಪಿತ್ತರಸದಿಂದ 36 ಹಂತಗಳಲ್ಲಿ ತಯಾರಿಸಬೇಕಾಗಿತ್ತು, ಬೆಲೆ ಬಡವರಿಗೆ ನಿಲುಕದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೂಲಿಯನ್, ಹೈಡ್ರೊಕಾರ್ಟಿಸೋನಿಗಿಂತ ಒಂದೇ ಒಂದು ಆಮ್ಲಜನಕದ ಪರಮಾಣು ಕಡಿಮೆಯಿರುವ ಎಸ್ ಎಂಬ ಸಂಯುಕ್ತವನ್ನು ಅಗ್ಗವಾಗಿ ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಕೊರತೆ ಬಿದ್ದ ಆ ಪರಮಾಣುವನ್ನು ಸೂಕ್ಷ್ಮಜೀವಿಗಳ ನೆರವಿನಿಂದ ಸೇರಿಸುವ ಉಪಾಯವನ್ನು ಇತರ ಕಂಪನಿಗಳ ವಿಜ್ಞಾನಿಗಳು 1950ರ ದಶಕದ ಆರಂಭದಲ್ಲಿ ಕಂಡುಕೊಂಡರು. ಹಲವು ಕೈಗಳ ಈ ಕೆಲಸದಿಂದ ಹೈಡ್ರೊಕಾರ್ಟಿಸೋನ್ ಜನಸಾಮಾನ್ಯರ ಔಷಧಿಯಾಯಿತು.

1952ರಲ್ಲಿ ಅಮೆರಿಕದ ಚರ್ಮವೈದ್ಯರು ಅದನ್ನು ಮುಲಾಮಾಗಿ ಹಚ್ಚಿ, ಇಸುಬು ಮೊದಲಾದ ಚರ್ಮರೋಗಗಳು ತಗ್ಗುವುದನ್ನು ವರದಿ ಮಾಡಿದರು. ಚರ್ಮರೋಗ ಚಿಕಿತ್ಸೆಯ ಚರಿತ್ರೆ ಅಲ್ಲಿಂದ ಬದಲಾಯಿತು. ಹೈಡ್ರೊಕಾರ್ಟಿಸೋನಿನ ಅಣುತೂಕ ಕೇವಲ 362. ಪ್ರೋಟೀನು ಚರ್ಮದ ಹೊಸ್ತಿಲಲ್ಲೇ ನಿಂತರೆ ಇದು ಒಳಹೊಕ್ಕು ಉರಿಯೂತವನ್ನು ಅಡಗಿಸುತ್ತದೆ. ಮೊದಲನೆಯದು ಸೌಂದರ್ಯವರ್ಧಕ, ಎರಡನೆಯದು ಔಷಧಿ. ಈ ವ್ಯತ್ಯಾಸವನ್ನು ಮರೆತದ್ದರ ಫಲವನ್ನು ನಮ್ಮ ದೇಶ ಕಂಡಿದೆ. ಹೈಡ್ರೊಕಾರ್ಟಿಸೋನಿನ ವಂಶಕ್ಕೆ ಸೇರಿದ, ಅದಕ್ಕಿಂತ ಪ್ರಬಲವಾದ ಸ್ಟೀರಾಯ್ಡ್ ಮುಲಾಮುಗಳನ್ನು ಮುಖ ಬೆಳ್ಳಗಾಗಲೆಂದು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿಕೊಂಡು ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ತುಂಬಿ ನರಳಿದವರು ಅಸಂಖ್ಯ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ವಿಧಿಸಿತು. ಬಣ್ಣದ ಕಾರಣಕ್ಕೆ ಅವಮಾನ ಉಂಡ ವಿಜ್ಞಾನಿಯೊಬ್ಬರು ಸುಗಮಗೊಳಿಸಿದ ಔಷಧಿ, ಬಣ್ಣದ ವ್ಯಾಮೋಹಕ್ಕೇ ಬಳಕೆಯಾದದ್ದು ಖೇದಕರ.

ಓಕ್ ಪಾರ್ಕಿನ ಮನೆ

1950ರಲ್ಲಿ ಷಿಕಾಗೋದ ಪತ್ರಿಕೆಯೊಂದು ಜೂಲಿಯನ್ ಅವರನ್ನು ವರ್ಷದ ನಾಗರಿಕರೆಂದು ಗೌರವಿಸಿತು. ಅದೇ ವರ್ಷ ಅವರು ನಗರದ ಅಂಚಿನ ಓಕ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡರು. ಕುಟುಂಬ ಒಳಸೇರುವ ಮೊದಲೇ, ನವೆಂಬರಿನಲ್ಲಿ, ದುಷ್ಕರ್ಮಿಗಳು ಆ ಮನೆಗೆ ಬೆಂಕಿ ಹಚ್ಚಲು ಯತ್ನಿಸಿದರು. 1951ರ ಜೂನಿನಲ್ಲಿ ಡೈನಮೈಟ್ ಎಸೆದರು. ಆಗ ಮಕ್ಕಳಿಬ್ಬರೂ ಮನೆಯೊಳಗಿದ್ದರು. ನೌಕಾಪಡೆಯ ಹಡಗುಗಳನ್ನು ಬೆಂಕಿಯಿಂದ ಕಾಯ್ದ ಪ್ರೋಟೀನಿನ ತಯಾರಕರು ತಮ್ಮ ಮನೆಯನ್ನು ಬೆಂಕಿಯಿಂದ ಕಾಯಲು ರಾತ್ರಿಯೆಲ್ಲ ಬಂದೂಕು ಹಿಡಿದು ಕೂರಬೇಕಾಯಿತು. ಮರದಲ್ಲಿ ತಂದೆಯ ಪಕ್ಕ ಕುಳಿತು ಕಾವಲು ಕಾದ ರಾತ್ರಿಗಳನ್ನು ಮಗ ಪರ್ಸಿ ಕಿರಿಯರು ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ನೆರೆಹೊರೆಯ ಅನೇಕ ಬಿಳಿಯರು ಕುಟುಂಬದ ಬೆಂಬಲಕ್ಕೆ ನಿಂತರೆಂಬುದನ್ನೂ ಇಲ್ಲಿ ಹೇಳಬೇಕು. ಜೂಲಿಯನ್ ಮನೆ ಬಿಟ್ಟು ಕದಲಲಿಲ್ಲ.

ಗ್ಲಿಡನ್ ಹಾರ್ಮೋನುಗಳ ಕೆಲಸದಿಂದ ಹಿಂದೆ ಸರಿಯಲು ನಿರ್ಧರಿಸಿದಾಗ, 1953ರ ಕೊನೆಗೆ ಅವರು ಕಂಪನಿಯನ್ನು ತೊರೆದು ಜೂಲಿಯನ್ ಲ್ಯಾಬೊರೇಟರೀಸ್ ಸ್ಥಾಪಿಸಿದರು. ಬೇರೆಲ್ಲಿಯೂ ಅವಕಾಶ ದೊರೆಯದಿದ್ದ ಕಪ್ಪು ವರ್ಣದ ರಸಾಯನ ವಿಜ್ಞಾನಿಗಳಿಗೆ ಅಲ್ಲಿ ಕೆಲಸ ಸಿಕ್ಕಿತು. ಸೋಯಾಕ್ಕಿಂತ ಮೆಕ್ಸಿಕೋದ ಕಾಡುಗೆಣಸು ಹಾರ್ಮೋನುಗಳಿಗೆ ಉತ್ತಮ ಮೂಲವೆಂದು ತಿಳಿದಾಗ ಅವರು ಅಲ್ಲಿಗೂ ಹೋದರು. ಅನುಮತಿಗಳ ಹಗ್ಗಜಗ್ಗಾಟದಲ್ಲಿ ಸೋಲುವ ಹಂತಕ್ಕೆ ಬಂದು ಚೇತರಿಸಿಕೊಂಡರು. ತಯಾರಿಕೆಯಲ್ಲಿ ಇಳುವರಿ ಹೆಚ್ಚಿದಾಗ ಲಾಭವನ್ನು ತಾವೇ ಇಟ್ಟುಕೊಳ್ಳದೆ, ಉತ್ಪನ್ನವೊಂದರ ಬೆಲೆಯನ್ನು ಕಿಲೋಗೆ 4,000 ಡಾಲರಿನಿಂದ 400 ಡಾಲರಿಗೆ ಇಳಿಸಿದ್ದು ಅವರ ವ್ಯವಹಾರ ನೀತಿಗೆ ನಿದರ್ಶನ. 1961ರಲ್ಲಿ ಕಂಪನಿಯನ್ನು ಸುಮಾರು 23 ಲಕ್ಷ ಡಾಲರಿಗೆ ಮಾರಿದರು. 1964ರಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ತೆರೆದು ಕೊನೆಯವರೆಗೂ ದುಡಿದರು. ನಾಗರಿಕ ಹಕ್ಕುಗಳ ಹೋರಾಟಕ್ಕೆ ಹಣ ಕೂಡಿಸುವುದರಲ್ಲಿಯೂ ಅವರು ಮುಂದಿದ್ದರು.

1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದಾಗ ಅವರಿಗೆ 74 ವರ್ಷ. ಆ ಗೌರವ ಪಡೆದ ಕಪ್ಪು ವರ್ಣದ ವಿಜ್ಞಾನಿಗಳಲ್ಲಿ ಅವರು ಎರಡನೆಯವರು, ರಸಾಯನ ವಿಜ್ಞಾನಿಗಳಲ್ಲಿ ಮೊದಲಿಗರು. 1975ರ ಏಪ್ರಿಲ್ 19ರಂದು ಯಕೃತ್ತಿನ ಕ್ಯಾನ್ಸರಿನಿಂದ ನಿಧನರಾದರು. ಅವರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟುಗಳು ಉಳಿದವು. 1993ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಚೀಟಿಯನ್ನು ಹೊರತಂದಿತು. 1999ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಫೈಸೊಸ್ಟಿಗ್ಮಿನ್ ಸಂಶ್ಲೇಷಣೆಯನ್ನು ರಾಷ್ಟ್ರೀಯ ಐತಿಹಾಸಿಕ ಮೈಲಿಗಲ್ಲೆಂದು ಗುರುತಿಸಿತು.

ದನದ ಮೇವೆಂದು ಬಗೆದಿದ್ದ ಹಿಂಡಿಯಲ್ಲಿ, ಹಾಳಾದ ಎಣ್ಣೆಯ ಗಸಿಯಲ್ಲಿ ಬೆಲೆಯುಳ್ಳದ್ದನ್ನು ಕಂಡದ್ದು ಜೂಲಿಯನ್ ಅವರ ಪ್ರತಿಭೆ. ಅವರೊಳಗಿನ ಬೆಲೆಯನ್ನು ಕಾಣಲು ಅವರ ಸಮಾಜ ಬಹುಕಾಲ ತೆಗೆದುಕೊಂಡಿತು. ಅವರ ಮನೆಗೆ ಡೈನಮೈಟ್ ಬಿದ್ದ ಓಕ್ ಪಾರ್ಕಿನಲ್ಲಿ 1985ರಲ್ಲಿ ಶಾಲೆಯೊಂದಕ್ಕೆ ಅವರ ಹೆಸರಿಡಲಾಯಿತು. ಅಲ್ಲಿ ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ಕುಳಿತು ಓದುತ್ತಾರೆ.